ಎರಡನೆಯ ಚರಣದ ನಲವತ್ತು ಸೆಕೆಂಡು

ಯಾರು ಯಾವ ಟರ್ನ್‌ಟೇಬಲ್ ತಂದರೂ ವೀರಭದ್ರಪ್ಪನವರು ಅದರ ಮೇಲೆ ಇಡುತ್ತಿದ್ದುದು ಒಂದೇ ಪ್ಲೇಟು. ಏಳಿಂಚಿನ ಕಪ್ಪು ಗ್ರಾಮಫೋನ್ ಪ್ಲೇಟು, ನಡುವೆ ತಿಳಿಹಳದಿ ಚೀಟಿ. ಮುಳ್ಳು ಇಳಿಸುತ್ತಿದ್ದ ಜಾಗವೂ ಒಂದೇ. ಚೀಟಿಯಿಂದ ಒಂದು ಬೆರಳು ಹೊರಗೆ, ಎರಡನೆಯ ಚರಣ ಶುರುವಾಗುವಲ್ಲಿ. ನಲವತ್ತು ಸೆಕೆಂಡು ಕೇಳಿ, ಮುಳ್ಳೆತ್ತಿ, ಬೆಲೆ ಹೇಳುತ್ತಿದ್ದರು.

ಆ ನಲವತ್ತು ಸೆಕೆಂಡಿನಲ್ಲಿ ಅವರು ಗಮನಿಸುತ್ತಿದ್ದುದು ಮೂರು ಸಂಗತಿ. ಹಾಡುವ ಹೆಣ್ಣುದನಿಯ ‘ಸ’ಕಾರ ಸೀಳಬಾರದು. ಮೇಲಿನ ಷಡ್ಜದಲ್ಲಿ ಎಳೆದ ದನಿ ಅಲುಗಬಾರದು. ಅಲುಗಿದರೆ ಮೋಟಾರಿನ ವೇಗ ಏರುಪೇರಾಗುತ್ತಿದೆ ಎಂದರ್ಥ. ಸಾಲು ಮುಗಿದು ಉಸಿರೆಳೆಯುವ ಬಿಡುವಿನಲ್ಲಿ ಅಡಿಯಿಂದ ಗುರುಗುಟ್ಟುವ ಸದ್ದು ಬರಬಾರದು. ಬಂದರೆ ಬೇರಿಂಗ್ ಸವೆದಿದೆ. ಒಳಸುತ್ತಿನ ಗೆರೆಗಳನ್ನು ಸರಿಯಾಗಿ ಓದುವುದು ಯಾವ ಮುಳ್ಳಿಗೂ ಕಷ್ಟ. ಅಲ್ಲಿ ಪಾಸಾದ ಮಷೀನು ಎಲ್ಲಿಯೂ ಫೇಲಾಗದು ಎನ್ನುತ್ತಿದ್ದರು.

ಹಾಡಿದವರು ಅವರ ಅಕ್ಕ ಸುಮಂಗಲಾ. ಲಿಂಗಸುಗೂರು ಕಡೆಯ ಅವರ ಊರಿನ ಮಠದವರು ಎಪ್ಪತ್ತೆರಡರಲ್ಲಿ ತತ್ವಪದಗಳ ಪ್ಲೇಟು ಮಾಡಿಸಿದ್ದರು. ಮುನ್ನೂರು ಪ್ರತಿ. ಆಗ ಅಕ್ಕನಿಗೆ ಇಪ್ಪತ್ತೆರಡು. ಮರುವರ್ಷ ಮದುವೆಯಾಯಿತು, ಗಂಡನ ಮನೆಯಲ್ಲಿ ಹಾಡುವ ರೂಢಿಯಿರಲಿಲ್ಲ. ಮುನ್ನೂರರಲ್ಲಿ ಕೆಲವು ಬಿಸಿಲಿಗೆ ಹಪ್ಪಳದಂತೆ ಸೊಟ್ಟಗಾದವು, ಕೆಲವು ಮಕ್ಕಳ ಆಟಕ್ಕೆ ಹೋದವು. ಕೊನೆಗೆ ಉಳಿದ ಒಂದೇ ಒಂದನ್ನು ವೀರಭದ್ರಪ್ಪ ಹೈದರಾಬಾದಿಗೆ ತಂದುಕೊಂಡಿದ್ದರು.

ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೊಂದರಲ್ಲಿ ಮೂವತ್ತಾರು ವರ್ಷ ತಪಾಸಣೆ ವಿಭಾಗದಲ್ಲಿ ದುಡಿದವರು ಅವರು. ಅಳತೆ ಅವರ ಸ್ವಭಾವವೇ ಆಗಿತ್ತು. ಎಂಬತ್ತೈದರ ಸುಮಾರಿಗೆ ಸಹೋದ್ಯೋಗಿಯೊಬ್ಬರ ಮಷೀನು ನೋಡಿಕೊಟ್ಟದ್ದು ನೆಪವಾಗಿ, ಕ್ರಮೇಣ ಊರಿಗೆಲ್ಲ ನೋಡಿಕೊಡುವಂತಾಯಿತು. ಅಬಿಡ್ಸ್‌ನ ಫುಟ್‌ಪಾತಿನಲ್ಲಿ ಭಾನುವಾರ ಹಳೆ ಪುಸ್ತಕ, ಪ್ಲೇಟು ಹರಡುವವರೂ ಗಿರಾಕಿಗೆ ಹೇಳುತ್ತಿದ್ದರು: “ತಾರ್ನಾಕ ಜಾಕೇ ಅಪ್ಪಾ ಸಾಬ್ ಕೋ ದಿಖಾಲೋ.” ತಾರ್ನಾಕದ ಮನೆಗೆ ಹೋಗಿ ವೀರಭದ್ರಪ್ಪನವರಿಗೆ ತೋರಿಸಿಕೊಳ್ಳಿ ಎಂದು. ಇಂಗ್ಲೆಂಡಿನ ಭಾರದ ಮಷೀನುಗಳು, ಜರ್ಮನಿಯ ಬೆಲ್ಟಿನವು, ಜಪಾನಿನ ಬೆಳ್ಳಿ ಬಣ್ಣದವು, ಸೂಟ್‌ಕೇಸಿನಂತೆ ಮುಚ್ಚುವ ಅಗ್ಗದವು, ಎಲ್ಲವೂ ಅಕ್ಕನ ಎರಡನೆಯ ಚರಣದ ಮುಂದೆ ಹಾಜರಾದವು.

“ಅಕ್ಕನ್ನ ತೂಕದ ಕಲ್ಲು ಮಾಡಿಟ್ಟೀರಿ,” ಎಂದು ಹೆಂಡತಿ ವನಜಾ ನಗುತ್ತಿದ್ದರು. ಮೂರು ವರ್ಷದ ಹಿಂದೆ ಆಕೆಯೇ ಹೇಳಿದ್ದರು: “ಫೋನಿನ್ಯಾಗರ ಒಮ್ಮೆ ತುಂಬಿಸಿಡ್ರಿ.”

“ಫೋನಿನ್ಯಾಗ ತುಂಬಿದ್ದು ದನಿ ಏನು? ಡಬ್ಬ್ಯಾಗಿನ ಸೊಳ್ಳಿ,” ಎಂದಿದ್ದರು ವೀರಭದ್ರಪ್ಪ.

ಕಳೆದ ಜುಲೈನಲ್ಲಿ ಹೈದರಾಬಾದಿನ ಆಸ್ಪತ್ರೆಯಲ್ಲಿ ಅಕ್ಕನ ಗಂಟಲಿನ ಗಡ್ಡೆ ತೆಗೆಯುವಾಗ ದನಿಪೆಟ್ಟಿಗೆಯನ್ನೂ ತೆಗೆದರು. ಕೊರಳಿನ ತೂತಿಗೆ ಬಿಳಿ ಬಟ್ಟೆ, ಕೈಯಲ್ಲಿ ಶಾಲೆಯ ನೋಟ್‌ಬುಕ್. ತಿಂಗಳಿಗೊಮ್ಮೆ ತಪಾಸಣೆಗೆ ಬಂದಾಗ ತಮ್ಮನ ಮನೆಯಲ್ಲೇ ಇಳಿಯುತ್ತಿದ್ದರು. ಸೆಪ್ಟೆಂಬರಿನಲ್ಲಿ ಬರೆದು ತೋರಿಸಿದರು: “ಈರಾ, ಆ ಪ್ಲೇಟು ಒಮ್ಮೆ ಕೇಳಿಸು. ನನ್ನ ದನಿ ಹೆಂಗಿತ್ತು ಅನ್ನೋದು ಮರತೇನಿ.”

ಕೂಡಲೇ ಹಾಕಬಹುದಿತ್ತು. ಆದರೆ ಈಚೆಗೆ ತಮ್ಮ ಮಷೀನಿನ ಮೇಲೇ ವೀರಭದ್ರಪ್ಪನವರಿಗೆ ಗುಮಾನಿ. ‘ಸ’ಕಾರ ಸೀಳುತ್ತಿತ್ತು.

“ಮುಂದಿನ ಸಲ, ಅಕ್ಕಾ. ಛಲೋ ಮಷೀನ್ ಮ್ಯಾಲ ಕೇಳಿಸ್ತೀನಿ,” ಎಂದರು. ಅಕ್ಕ ತಲೆಯಾಡಿಸಿದರು.

ಅಕ್ಕ ಮತ್ತೆ ಬರುವ ಹಿಂದಿನ ದಿನ, ಶನಿವಾರ, ಹೈದರಾಬಾದಿನ ಇನ್ನೊಂದು ತುದಿಯ ಕೊಂಡಾಪುರದಿಂದ ಚೇತನಕುಮಾರ ಬಂದ. ಹುಬ್ಬಳ್ಳಿಯ ಹುಡುಗ, ಕೊಂಡಾಪುರದ ಕಂಪನಿಯೊಂದರಲ್ಲಿ ಕೆಲಸ. ಕಾರಿನಲ್ಲಿ ಎರಡು ಮಷೀನು ತಂದಿದ್ದ. ಎರಡರಲ್ಲಿ ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಮಾರಲಿ ಎಂದು ಕೇಳಲು. ಗೆದ್ದದ್ದನ್ನು ಒಂದು ದಿನದ ಮಟ್ಟಿಗೆ ಇಲ್ಲೇ ಬಿಡಬೇಕೆಂದು ವೀರಭದ್ರಪ್ಪ ಫೋನಿನಲ್ಲೇ ಮಾತಾಡಿಕೊಂಡಿದ್ದರು.

ಮೊದಲು ಜಪಾನಿನದು. ಪ್ಲೇಟು ಇಟ್ಟರು, ಮುಳ್ಳಿಳಿಸಿದರು. ಕೇಳಿ ತಲೆ ಅಡ್ಡಡ್ಡ ಆಡಿಸಿದರು.

ಎರಡನೆಯದು ಜರ್ಮನಿಯದು. ಅದರ ಮುಚ್ಚಳದ ಮೂಲೆಯಲ್ಲಿ ಸಿಗರೇಟಿನಿಂದ ಸುಟ್ಟ ಕಲೆ ನೋಡಿ ಅವರು ತಡೆದರು. ಎರಡು ವರ್ಷದ ಹಿಂದೆ, ಮೂರು ಬೀದಿ ಆಚೆಗಿನ ಪ್ರೊಫೆಸರ್ ತೀರಿಕೊಂಡಾಗ ಅವರ ಹೆಂಡತಿ ತಂದು ತೋರಿಸಿದ್ದ ಮಷೀನದು. ದನಿ ಒಡೆಯುತ್ತಿದೆ, ಮುಳ್ಳು ಹಿಡಿದ ತೋಳು ಕೆಟ್ಟಿದೆ, ಎಂಟು ಸಾವಿರ ಬಂದರೆ ಕೊಟ್ಟುಬಿಡಿ ಅಮ್ಮಾ ಎಂದಿದ್ದರು ವೀರಭದ್ರಪ್ಪ. ಆಕೆ ಯಾರಿಗೋ ಅಷ್ಟಕ್ಕೇ ಮಾರಿದ್ದರು.

“ಇದಕ್ಕೆಷ್ಟು ಕೊಟ್ಟಿ?”

“ನಲವತ್ತೆರಡು ಸಾವಿರರಿ, ಕಾಕಾ.”

ಅವರು ಮುಳ್ಳಿಳಿಸಿದರು. ಅದೇ ಒಡೆದ ದನಿ.

“ತಮ್ಮಾ, ಎರಡೂ ಹಾಳು. ನಿನಗ ಟೊಪ್ಪಿಗಿ ಹಾಕ್ಯಾರ.”

ಚೇತನಕುಮಾರ ಚೀಲದಿಂದ ತನ್ನದೊಂದು ಪ್ಲೇಟು ತೆಗೆದು ಅದೇ ಮಷೀನಿನ ಮೇಲಿಟ್ಟ, ಅದೇ ಮುಳ್ಳನ್ನು ಒಳಸುತ್ತಿಗೆ ಇಳಿಸಿದ. ಯಾರೋ ಸಾರಂಗಿ ನುಡಿಸುತ್ತಿದ್ದರು. ಕಮಾನು ತಂತಿಗೆ ತಾಗುವ ಮುಂಚಿನ ಉಸಿರಿನಷ್ಟು ಸದ್ದೂ ಕೇಳಿಸಿತು. ಜಪಾನಿನದರ ಮೇಲೂ ಹಾಗೆಯೇ.

“ಮಷೀನ್ ಸರಿ ಐತಿ, ಕಾಕಾ,” ಹುಡುಗ ದನಿ ತಗ್ಗಿಸಿ ಹೇಳಿದ. “ನಿಮ್ಮ ಪ್ಲೇಟ್ ಹೋಗೇತಿ.”

ವೀರಭದ್ರಪ್ಪ ಪ್ಲೇಟನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು. ಹೊರಸುತ್ತು ಕನ್ನಡಿಯಂತೆ ಹೊಳೆಯುತ್ತಿತ್ತು. ಚೀಟಿಯಿಂದ ಒಂದು ಬೆರಳಾಚೆ ಬೂದಿ ಬಣ್ಣದ ಒಂದು ಉಂಗುರ. ಜನ ತಂದ ಮಷೀನನ್ನು ಅದರದೇ ಮುಳ್ಳಿನಿಂದ ಕೇಳಬೇಕು, ಆಗಲೇ ನಿಜ ಗೊತ್ತಾಗುವುದು ಎಂಬುದು ಅವರ ಕ್ರಮ. ಮೊಂಡಾದ ಮುಳ್ಳು, ಮುರಿದ ಮುಳ್ಳು, ಎರಡು ಗ್ರಾಂ ಸಾಕಾದಲ್ಲಿ ಎಂಟು ಗ್ರಾಂ ಭಾರ ಹೇರುವ ತೋಳು, ಮೂವತ್ತೆಂಟು ವರ್ಷ, ಅದೇ ನಲವತ್ತು ಸೆಕೆಂಡು. ದನಿ ತುಸು ತುಸುವೇ ಹೋಗುವಾಗ ಅವರು ತಪ್ಪನ್ನು ಮಷೀನಿನ ಮೇಲೆ ಹಾಕುತ್ತ ಬಂದಿದ್ದರು. ಈ ನಾಲ್ಕೈದು ವರ್ಷಗಳಲ್ಲಿ ಹಾಳೆಂದು ಎಷ್ಟು ಮಷೀನು ವಾಪಸು ಕಳಿಸಿದ್ದೆ ಎಂದು ಎಣಿಸಲು ಹೋಗಿ ಬಿಟ್ಟುಬಿಟ್ಟರು.

ಸಂಜೆಯವರೆಗೂ ಇಬ್ಬರೂ ಹೆಣಗಿದರು. ಸಪೂರ ಮುಳ್ಳು, ದಪ್ಪ ಮುಳ್ಳು. ಮನೆಯ ಪೆಟ್ಟಿಗೆಯಲ್ಲಿದ್ದ ಸೂಟ್‌ಕೇಸ್ ಮಾದರಿಯ ಹಳೆ ಮಷೀನನ್ನೂ ಹೊರತೆಗೆದರು. ಅದರಲ್ಲಿ ಗರಗರ ಕಡಿಮೆ, ಜೊತೆಗೆ ಹಾಡೂ ಕಡಿಮೆ. ಜರ್ಮನಿಯದು ಎಲ್ಲಕ್ಕಿಂತ ಉತ್ತಮವಾಗಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿತ್ತು. ಆ ಉಂಗುರದಲ್ಲಿ ಹೇಳಲು ಏನೂ ಉಳಿದಿರಲಿಲ್ಲ.

“ಇದನ್ನ ಇಟಗೋರಿ ನಾಳಿತನಕ,” ಎಂದ ಹುಡುಗ. “ಮೊದಲನೇ ಭಾಗ ಛಲೋ ಐತಲ್ಲರಿ.”

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅಕ್ಕ ಕುರ್ಚಿ ಎಳೆದುಕೊಂಡು ಮಷೀನಿನ ಎದುರು ಕುಳಿತರು. ಹೊಸ ನೋಟ್‌ಬುಕ್ ತೊಡೆಯ ಮೇಲಿತ್ತು. ವನಜಾ ಯಾರನ್ನೂ ಕೇಳದೆ ಫೋನು ತೆಗೆದು ರೆಕಾರ್ಡಿಗೆ ಹಾಕಿ ಪಕ್ಕದಲ್ಲಿಟ್ಟರು. ಈ ಸಲ ವೀರಭದ್ರಪ್ಪನವರೇ ಅದನ್ನು ಸ್ಪೀಕರಿನ ಹತ್ತಿರಕ್ಕೆ ಸರಿಸಿದರು.

ಎಷ್ಟೋ ವರ್ಷಗಳ ಮೇಲೆ ಅವರು ಮುಳ್ಳನ್ನು ಪ್ಲೇಟಿನ ಅಂಚಿಗೆ ಇಳಿಸಿದರು. ಹಾರ್ಮೋನಿಯಂ ಬಂತು. ಅದು ಸುದೀರ್ಘವಾಗಿ ನುಡಿಯಿತು. ನಡುವೆ ಪ್ಲೇಟಿನೊಳಗಿನ ಹುಡುಗಿ ಮೆಲ್ಲಗೆ ಗಂಟಲು ಸರಿಮಾಡಿಕೊಂಡಳು. ಅಕ್ಕನ ಕೈ ತನ್ನ ಕೊರಳ ಬಟ್ಟೆಯ ಮೇಲೆ ಹೋಯಿತು. ಪಲ್ಲವಿ ಹಿಡಿದಾಗ ದನಿ ಇನ್ನೂ ಅಂಜುತ್ತಿತ್ತು, ಹಾರ್ಮೋನಿಯಂ ಹಿಂದೆ ಅವಿತು ನಡೆಯುತ್ತಿತ್ತು. ಮೊದಲನೆಯ ಚರಣದಲ್ಲಿ ತುಸು ಬಿಚ್ಚಿತು. ಆ ದನಿ ಪೂರ್ತಿ ಎದ್ದು ನಿಲ್ಲುತ್ತಿದ್ದುದು ಎರಡನೆಯದರಲ್ಲಿ.

ಅದು ಶುರುವಾಗುವ ಮುಂಚೆ ಎತ್ತಿಬಿಡಬೇಕೆಂದು ವೀರಭದ್ರಪ್ಪ ಕೈ ಚಾಚಿದ್ದರು. ಅಕ್ಕ ಅವರ ಮಣಿಕಟ್ಟು ಹಿಡಿದುಕೊಂಡರು. ಎಣ್ಣೆಗೆ ನೀರು ಬಿದ್ದಂಥ ಚಟಪಟ ಕೋಣೆಯನ್ನು ತುಂಬಿತು. ಅದರೊಳಗೆ ದೂರದಲ್ಲಿ ಯಾರೋ ಕೂಗಿದಂತೆ. ಅಕ್ಕನಿಗೆ ಪದ ಮರೆತಿರಲಿಲ್ಲ; ತುಟಿ ಆಡುತ್ತಿತ್ತು. ಚಟಪಟ ಮುಗಿಯುವವರೆಗೂ ತುಟಿ ಆಡಿತು. ಕೊನೆಯ ಸಾಲು ಮತ್ತೆ ತಿಳಿಯಾಗಿ ಬಂದು ಪ್ಲೇಟು ಮುಗಿಯಿತು.

ವೀರಭದ್ರಪ್ಪ ಎಲ್ಲವನ್ನೂ ಹೇಳಿದರು. ಮುಳ್ಳು, ಭಾರ, ವರ್ಷ. ಏನನ್ನೂ ಬಿಡಲಿಲ್ಲ.

ಅಕ್ಕ ಬರೆದರು: “ಹೋಗ್ಲಿ ಬಿಡು. ನೀ ಸಾವಿರ ಸಲ ಕೇಳೀದಿ. ಅಲ್ಲಿ ನಾ ಹೆಂಗ ಹಾಡಿದ್ದೆ? ಹೇಳು.”

ಅವರು ಕಣ್ಣು ಮುಚ್ಚಿದರು. ಆ ನಲವತ್ತು ಸೆಕೆಂಡು ತಲೆಯೊಳಗೆ ಚಾಚೂ ತಪ್ಪದೆ ತಿರುಗುತ್ತಿದೆ ಎಂದೇ ಇಷ್ಟು ವರ್ಷ ನಂಬಿದ್ದರು.

“‘ಸ’ ಸೀಳತಿರಲಿಲ್ಲ, ಅಕ್ಕಾ,” ಎಂದರು. “ಮ್ಯಾಲಿನ ಷಡ್ಜಕ್ಕ ನಿಂತಿ ಅಂದ್ರ ಎಳ್ಳಷ್ಟೂ ಅಲಗತಿರಲಿಲ್ಲ. ಸಾಲು ಮುಗದಮ್ಯಾಲ... ಆ ಬಿಡುವು ಭಾಳ ಸ್ವಚ್ಛ ಇತ್ತು.”

ಅಕ್ಕ ಪೆನ್ನು ಹಿಡಿದೇ ಕಾಯುತ್ತಿದ್ದರು. ಮುಂದಿನದಕ್ಕೆ.

ಮುಂದಿನದು ಅವರಲ್ಲಿರಲಿಲ್ಲ. ಯಾವ ಪದದ ಮೇಲೆ ಅಕ್ಕ ನಿಲ್ಲುತ್ತಿದ್ದಳು, ಯಾವುದನ್ನು ಬೇಗ ದಾಟುತ್ತಿದ್ದಳು, ಆ ಹಾಡಿನಲ್ಲಿ ಆಕೆಗೆ ಏನು ಬೇಕಿತ್ತು, ಹುಡುಕಿದರು. ಅವರಿಗೆ ಸಿಕ್ಕಿದ್ದು ಸಿಗರೇಟಿನ ಕಲೆ, ಸಡಿಲವಾದ ಬೆಲ್ಟು, ಬೇರಿಂಗಿನ ಗುರುಗುರು. ಅವರು ಪ್ಲೇಟನ್ನು ಮಷೀನಿನಿಂದ ಎತ್ತಿ ಲಕೋಟೆಗೆ ಸೇರಿಸಿದರು.

ಅಕ್ಕ ಪೆನ್ನಿನ ಮುಚ್ಚಳ ಹಾಕಿ ನೋಟ್‌ಬುಕ್ ಮಡಚಿದರು. ಪ್ಲೇಟಿಲ್ಲದ ತಟ್ಟೆ ಸದ್ದಿಲ್ಲದೆ ತಿರುಗುತ್ತಲೇ ಇತ್ತು. ನಲವತ್ತೆರಡು ಸಾವಿರಕ್ಕೆ ಆ ಮಷೀನು ಸೋವಿಯೇ ಎಂದು ವೀರಭದ್ರಪ್ಪನವರ ಕಿವಿ ಆಗಲೇ ಬೆಲೆ ಕಟ್ಟಿತ್ತು.