ಸುಮಂಗಲಕ್ಕ ತುಂಬಿಸಿಕೊಂಡ ಗಲ್ಲ

ಫೋಟೊ ತೆಗೆಯುವಾಗ ಸುಮಂಗಲಕ್ಕ ಬಾಯಿತುಂಬ ಗಾಳಿ ಹಿಡಿದು ನಿಲ್ಲುತ್ತಿದ್ದಳು. ತೆಗೆದದ್ದಾದ ಮೇಲೆ ಉಸಿರು ಬಿಟ್ಟು, "ಇನ್ನೊಂಚೂರು ತಡ ಮಾಡಿದ್ರ ಹಾರಿ ಹೋಗ್ತಿದ್ದೆ ನೋಡು" ಅನ್ನುವಳು.

ಕುಷಾಯಿಗೂಡದಲ್ಲಿ ನಮ್ಮ ಪಕ್ಕದ ಮನೆಯವಳು. ಮಾದಾಪುರದ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಹೊಸಬರಿಗೆ ಕೆಲಸ ಕಲಿಸುತ್ತಿದ್ದಳು. ಕ್ಯಾನ್ಸರು ಅವಳ ಗಲ್ಲಗಳನ್ನು ಬರಿದು ಮಾಡಿತ್ತು. ಸಿಂಧನೂರಿನಲ್ಲಿದ್ದ ಅವ್ವನಿಗೆ ಅದು ತಿಳಿಯಬಾರದೆಂಬುದೊಂದೇ ಅಕ್ಕನ ಹಟ. ಅವ್ವ ಮಗಳ ಕಷ್ಟಸುಖವನ್ನೆಲ್ಲ ಗಲ್ಲದಲ್ಲೇ ಕಾಣುವವರು; ಫೋಟೊ ಹೋಗುತ್ತಿದ್ದದ್ದು ಅವರಿಗೇ.

ಬೇಸಿಗೆ ಪೂರ್ತಿ ನಿನ್ನ ಮನೆಯಲ್ಲೇ ಇರುತ್ತೇನೆಂದು ಅವ್ವ ಹೊರಟು ನಿಂತಾಗ ಗಾಳಿಯ ಆಟ ಸಾಲದಾಯಿತು. ಅಕ್ಕ ಕ್ಯಾನ್ಸರಿನ ಡಾಕ್ಟರನ್ನು ಒಪ್ಪಿಸಿ ಚರ್ಮದ ಕ್ಲಿನಿಕ್ಕಿಗೆ ಹೋದಳು, ನಾನೂ ಜೊತೆಗಿದ್ದೆ. ಅಲ್ಲಿಯ ಡಾಕ್ಟರಮ್ಮ ಗಲ್ಲದ ಮೇಲೆ ಗುರುತು ಹಾಕಿ, ಫಿಲ್ಲರ್ ಎಂಬ ಜೆಲ್ಲನ್ನು ಸೂಜಿಯಿಂದ ಒಳಗೆ ಬಿಟ್ಟು, ಬೆರಳಿನಿಂದ ಮೆಲ್ಲಗೆ ತೀಡಿದರು.

"ಹೋಳಿಗಿಗೆ ಹೂರಣ ತುಂಬಿದಂಗಾತು. ತುಪ್ಪ ಒಂದು ಕಡಿಮಿ," ಅಂದಳು ಅಕ್ಕ. ಕನ್ನಡಿ ಕೊಟ್ಟಾಗ ಎರಡೂ ಗಲ್ಲ ಮುಟ್ಟಿ ನೋಡಿಕೊಂಡಳು. "ಈಕಿನ್ನ ನೋಡಿ ಭಾಳ ದಿನ ಆಗಿತ್ತು" ಅಂದಳು.

ಬಾವು ಇಳಿದ ಮೇಲೆ ಅವ್ವ ಬಂದರು. ಬಾಗಿಲಲ್ಲೇ ಮಗಳ ಮುಖ ನೋಡಿ ಕಣ್ಣು ತುಂಬಿಕೊಂಡರು. ವಾರ ಕಳೆಯುವ ಮೊದಲೇ ಗಂಟು ಕಟ್ಟಿದರು.

"ನೀ ಛಲೋ ಅದೀ. ಅಲ್ಲಿ ಸೊಸಿ ದಿನ ತುಂಬ್ಯಾಳ, ಆಕಿಗೆ ನಾ ಬೇಕು."

"ಇನ್ನೊಂದೆರಡು ದಿನ ಇರಬೇ."

"ಸಣ್ಣ ಕೂಸೇನು ನೀ?"

ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ಅಕ್ಕ ಅಲ್ಲೇ ನಿಂತಿದ್ದಳು. "ಭಾಳ ಛಲೋ ತುಂಬ್ಯಾರ ನೋಡು," ಅಂದಳು. ನಗಲಿಲ್ಲ.

ಮಳೆಗಾಲಕ್ಕೆ ಆಸ್ಪತ್ರೆ ಸೇರಿದಳು. ಕೊನೆಗೂ ಹಟ ಬಿಟ್ಟು ತಾನೇ ಫೋನು ಹಚ್ಚಿ, "ಅವ್ವಾ, ನನಗ ಆರಾಮಿಲ್ಲ, ಬಾ" ಎಂದಳು. ಆ ಕಡೆ ಅವ್ವ ನಕ್ಕದ್ದು ನನಗೂ ಕೇಳಿಸಿತು.

"ಹಸಿ ಬಾಣಂತಿನ್ನ ಬಿಟ್ಟು ಹೆಂಗ ಬರ್ಲಿ? ನಾಟಕ ಸಾಕು. ನಿನ್ನ ಗಲ್ಲ ಕಣ್ಣಾರೆ ನೋಡಿ ಬಂದೀನಿ ನಾ."

"ಹೌದವ್ವ, ಚ್ಯಾಷ್ಟಿ ಮಾಡಿದೆ," ಎಂದು ಅಕ್ಕ ಫೋನು ನನ್ನ ಕೈಗಿಟ್ಟು ಗೋಡೆಯ ಕಡೆ ಹೊರಳಿದಳು.

ಹೊರಗೆ ಹೋಗಿ ನಾನೇ ಮತ್ತೆ ಹಚ್ಚಿ, ಇದು ನಾಟಕ ಅಲ್ಲ, ಕೂಡಲೇ ಬನ್ನಿ ಎಂದಷ್ಟೇ ಹೇಳಿದೆ. ಅವ್ವ ಸಿಕ್ಕ ಬಸ್ಸು ಹತ್ತಿದರು. ಅವರು ಬಂದು ಮುಟ್ಟುವಷ್ಟರಲ್ಲಿ ಅಕ್ಕ ಇರಲಿಲ್ಲ.

ಮುಖದ ಮೇಲಿನ ಬಟ್ಟೆ ಸರಿಸಿ ಅವ್ವ ಗಲ್ಲ ಸವರಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ಗಲ್ಲ ಹಂಗ ಅದಾವಲ್ಲವ್ವ. ಏನಾಗಿತ್ತು ಈಕಿಗೆ?"