ಇಪ್ಪತ್ತೇಳಕ್ಕೆ ನಿಂತ ಲೆಕ್ಕ

ಶ್ರೀಕಂಠ ಅಂಕಲ್ ಅವರ ಅಂಗಿಯ ಜೇಬಿನಲ್ಲಿ ಸದಾ ಎರಡು ಮಾರ್ಕರ್ ಪೆನ್ನುಗಳಿರುತ್ತಿದ್ದವು: ಆದಾಯಕ್ಕೆ ಹಸಿರು, ಖರ್ಚಿಗೆ ಕೆಂಪು. ಸತ್ಯನಾರಾಯಣ ಪೂಜೆಗೆ ರೇಷ್ಮೆ ಜುಬ್ಬಾ ಧರಿಸಿ ಬಂದಾಗಲೂ ಅವು ಜೇಬಿನಿಂದ ಇಣುಕುತ್ತಿದ್ದವು. ಮೆಲ್ಬರ್ನ್ ಹೊರವಲಯದ ಟ್ರುಗನಿನಾ ಬಡಾವಣೆಯಲ್ಲಿದ್ದ ಅವರ ಮನೆಯ ಗ್ಯಾರೇಜಿನಲ್ಲಿ ಗೋಡೆಯುದ್ದದ ಒಂದು ವೈಟ್‌ಬೋರ್ಡು, ಅದರ ಮುಂದೆ ಆರು ಪ್ಲಾಸ್ಟಿಕ್ ಕುರ್ಚಿ. ಕುರ್ಚಿಗಳಿಗೆ ಜಾಗ ಬೇಕಾದ್ದರಿಂದ ಅವರ ದುಬಾರಿ ಕಾರು ಬಿಸಿಲನ್ನೂ ಆಲಿಕಲ್ಲನ್ನೂ ಸಹಿಸಿಕೊಂಡು ಹೊರಗೇ ನಿಂತಿರುತ್ತಿತ್ತು.

ಮೈಸೂರಿನವರಾದ ಅವರು ಮೆಲ್ಬರ್ನ್ ನಗರದ ಒಂದು ಬ್ಯಾಂಕಿನಲ್ಲಿ ಕಂಪ್ಯೂಟರ್ ವಿಭಾಗದ ಹಿರಿಯ ಅಧಿಕಾರಿ. ಆದರೆ ನಮ್ಮ ಸಬರ್ಬಿನ ಕನ್ನಡಿಗರು ಅವರಿಗೆ ಸಲ್ಲಿಸುತ್ತಿದ್ದ ಗೌರವವೆಲ್ಲ ಆ ಬೋರ್ಡಿಗೆ ಸೇರಿದ್ದು. ಫ್ರಿಜ್ಜು ಕೊಳ್ಳುವವರು, ಹಿತ್ತಲಿಗೆ ಕಲ್ಲು ಹಾಸುವವರು, ಊರಿನಿಂದ ಅಪ್ಪ ಅಮ್ಮನನ್ನು ಕರೆಸಿಕೊಳ್ಳುವವರು, ಎಲ್ಲರೂ ಆ ಕುರ್ಚಿಗಳಲ್ಲಿ ಕುಳಿತು ಒಂದೇ ಪ್ರಶ್ನೆಯನ್ನು ಎದುರಿಸಬೇಕಿತ್ತು: "ಎಷ್ಟು ವರ್ಷಕ್ಕೆ ಗಿಟ್ಟತ್ತೆ?"

ತಮ್ಮ ಛಾವಣಿಯ ಸೋಲಾರ್ ಫಲಕಗಳಿಗೆ ಹಾಕಿದ ಹಣ ಎಷ್ಟು ವರ್ಷಕ್ಕೆ ಗಿಟ್ಟುತ್ತದೆ ಎಂಬುದನ್ನು ಅವರು ಬೋರ್ಡಿನ ಕೆಳಭಾಗದಲ್ಲಿ ಬರೆದಿಟ್ಟಿದ್ದರು. ಐದು ಎಂದು ಬರೆದು, ಹೊಡೆದು, ಏಳು ಮಾಡಿ, ಅದನ್ನೂ ಹೊಡೆದು ಹತ್ತು ಮಾಡಿದ್ದರು. ಯಾರ ಕಣ್ಣಾದರೂ ಅತ್ತ ಹೊರಳಿದರೆ, "ನಾವು ಮಾರೋ ಕರೆಂಟಿನ ರೇಟು ಇಳಿಸ್ಬಿಟ್ರು, ನನ್ನ ಫಾರ್ಮುಲಾ ಕರೆಕ್ಟಾಗೇ ಇದೆ" ಎನ್ನುತ್ತಿದ್ದರು. ಅದೇ ಫಾರ್ಮುಲಾವನ್ನು ಅವರು ನೆರೆಹೊರೆಯ ಮಕ್ಕಳಿಗೂ ಹಚ್ಚುತ್ತಿದ್ದರು.

ನನ್ನ ತಂದೆ ಬಸವರಾಜ್ ಹುಬ್ಬಳ್ಳಿಯವರು. ಸಮೀಪದ ಗೋದಾಮೊಂದರಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಾರೆ. ನಮ್ಮ ವಂಶದಲ್ಲಿ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅಲೈಡ್ ಹೆಲ್ತ್‌ನ ಎರಡು ವರ್ಷದ ಅಸೋಸಿಯೇಟ್ ಡಿಗ್ರಿಗೆ ಸೇರಿಕೊಂಡೆ. ಫಿಸಿಯೋಥೆರಪಿಸ್ಟರ ಕೈಕೆಳಗೆ, ರೋಗಿಗಳನ್ನು ಹಾಸಿಗೆಯಿಂದ ಎಬ್ಬಿಸಿ ನಡೆಸುವ ಕೆಲಸಕ್ಕೆ ಅಣಿಗೊಳಿಸುವ ಶಿಕ್ಷಣವದು. ಶುಲ್ಕವನ್ನು ಸರ್ಕಾರ ಸಾಲವಾಗಿ ಕೊಟ್ಟು, ಮುಂದೆ ಸಂಬಳದಲ್ಲಿ ಹಿಡಿದುಕೊಳ್ಳುತ್ತದೆ. ಪ್ರತಿ ಸೆಮಿಸ್ಟರಿಗೂ ಸೆನ್ಸಸ್ ಡೇಟ್ ಎಂಬ ಗಡುವಿದೆ: ಅದರೊಳಗೆ ಬಿಟ್ಟವರಿಗೆ ಸಾಲವಿಲ್ಲ, ದಾಟಿದವರಿಗೆ ಬಿಡುಗಡೆಯಿಲ್ಲ. ನನ್ನ ಗಡುವು ಶುಕ್ರವಾರವಿತ್ತು. ಸಾಲದ ಭಯದಿಂದ ನಾನು ಕೋರ್ಸ್ ಬಿಡುವ ಅರ್ಜಿಯನ್ನು ತುಂಬಿ, ಮೂರು ಬಾರಿ ತಪ್ಪು ತಿದ್ದಿ, ಕಳುಹಿಸದೆ ಇಟ್ಟುಕೊಂಡಿದ್ದೆ. ಅದರ ಹಿಂದಿನ ಭಾನುವಾರ ಅಂಕಲ್ ನನ್ನನ್ನೂ ಅಪ್ಪನನ್ನೂ ಗ್ಯಾರೇಜಿಗೆ ಕರೆಸಿದರು.

"ಫಿಸಿಯೋನೇ ಆಗೋದಾದ್ರೆ ಬೇರೆ ಮಾತಮ್ಮ. ಇದು ಬರೀ ಅಸಿಸ್ಟೆಂಟು. ಗಂಟೆಗೆ ಸಿಗೋದು ನಿಮ್ಮಪ್ಪನ ಫೋರ್ಕ್‌ಲಿಫ್ಟ್‌ಗಿಂತ ಜಾಸ್ತಿ ಏನಿಲ್ಲ. ಅದಕ್ಕೆ ಎರಡು ವರ್ಷ ವೇಸ್ಟು, ಮೇಲೆ ಸಾಲ ಬೇರೆ!"

ಕೆಂಪು ಮಾರ್ಕರ್ ಕಿರುಗುಟ್ಟಿತು. ನನ್ನ ವಯಸ್ಸು ಒಂದೊಂದು ಸಾಲಾಗಿ ಕೆಳಗಿಳಿಯುತ್ತಾ ಹೋಗಿ ಇಪ್ಪತ್ತೇಳಕ್ಕೆ ಬಂದೊಡನೆ ಅಂಕಲ್ ಅಡ್ಡಗೆರೆ ಎಳೆದರು. "ಗಿಟ್ಟಲ್ಲ. ಶುಕ್ರವಾರದೊಳಗೆ ಬಿಡಿಸ್ಬಿಡಿ, ಬಸವರಾಜ್."

ಶ್ರೀಕಂಠ ಸರ್ ಹೇಳಿದ್ದಕ್ಕೆಲ್ಲ ತಲೆದೂಗುವುದು ನನ್ನ ತಂದೆಯ ರೂಢಿ. ಅಂದು ಅವರು ಬೋರ್ಡನ್ನು ಬಹಳ ಹೊತ್ತು ನೋಡಿದರು. "ಸರ, ಇಪ್ಪತ್ತೇಳಕ್ಕ ಯಾಕ ನಿಲ್ಲಿಸಿದ್ರಿ?"

"ಮದುವೆ ಆಗಿರತ್ತಲ್ರೀ. ಅಲ್ಲಿಂದಾಚೆಗೆ ಅದು ಅವರ ಮನೆ ಲೆಕ್ಕ."

"ಸಾಲಾನೂ ಅವರ ಮನೀಗೇ ಹೋಗತೈತೇನ್ರಿ?"

"ಅದ್ಹೇಗ್ ಹೋಗತ್ತೆ? ಅದು ಹುಡುಗಿ ಹೆಸರಲ್ಲೇ ಇರತ್ತೆ."

"ಅಂದ್ರ, ಸಾಲ ನನ್ನ ಮಗಳದು, ಪಗಾರ ಮಾತ್ರ ಮಂದೀದು. ಭಾಳ ಚಲೋ ಐತ್ರೀ ಸರ ನಿಮ್ಮ ಫಾರ್ಮುಲಾ."

ಅಂಕಲ್ ಅವರ ಮುಖ ಮಾರ್ಕರಿನ ಬಣ್ಣಕ್ಕೆ ತಿರುಗಿತು. "ಹಾಗಲ್ರೀ, ಇನ್ನೂ ಬರೀಬಹುದಿತ್ತು. ಬೋರ್ಡಲ್ಲಿ ಜಾಗ ಎಲ್ಲಿದೆ? ಕೆಳಗಡೆ ಸೋಲಾರ್ ಇದೆ."

"ಹಂಗಾರ ಸೋಲಾರ ಅಳಸ್ರಿ."

ಅವರು ಅಳಿಸಲಿಲ್ಲ. ನಾನು ಮನೆಗೆ ಬಂದು, ಅಷ್ಟು ಶ್ರದ್ಧೆಯಿಂದ ತಿದ್ದಿದ್ದ ಅರ್ಜಿಯನ್ನು ಅಳಿಸಿದೆ. ಶುಕ್ರವಾರ ದಾಟಿತು, ಸಾಲ ನನ್ನದಾಯಿತು.

ಅವರ ಲೆಕ್ಕ ಪೂರ್ತಿ ಸುಳ್ಳಾಗಿತ್ತೆಂದು ಹೇಳಿದರೆ ಅಪ್ರಾಮಾಣಿಕತೆಯಾದೀತು. ಬೆಲೆಯೇರಿಕೆಗೆ ತಕ್ಕಂತೆ ಈ ಸಾಲವೂ ವರ್ಷಕ್ಕೊಮ್ಮೆ ಹಿಗ್ಗುತ್ತದೆ. ಒಂದು ವರ್ಷವಂತೂ ನಾನು ತೀರಿಸಿದ್ದಕ್ಕಿಂತ ಅದು ಹಿಗ್ಗಿದ್ದೇ ಹೆಚ್ಚು. ನನ್ನ ಜೊತೆ ಶಾಲೆ ಮುಗಿಸಿ ನೇರವಾಗಿ ಗೋದಾಮು ಸೇರಿದ ಗೆಳತಿ ನಗರದ ಆಚೆ ತುದಿಯ ಕ್ಲೈಡ್ ನಾರ್ತ್‌ನಲ್ಲಿ ಮನೆ ಕೊಂಡಿದ್ದಾಳೆ. ನಾನಿನ್ನೂ ಅಪ್ಪನ ಮನೆಯಲ್ಲಿದ್ದೇನೆ. ಇದನ್ನು ಅಂಕಲ್ ಎದುರಿನಲ್ಲಿ ಒಪ್ಪಿಕೊಳ್ಳುವಷ್ಟು ದೊಡ್ಡ ಮನಸ್ಸು ಮಾತ್ರ ನನಗಿಲ್ಲ.

ಕಳೆದ ವರ್ಷ ಅವರು ಮಂಡಿಯ ಕೀಲು ಬದಲಿಸಿಕೊಂಡು ನಾನು ಕೆಲಸ ಮಾಡುವ ವಾರ್ಡಿಗೇ ಬಂದರು. ಆಸ್ಪತ್ರೆಯ ನಿಲುವಂಗಿಗೆ ಜೇಬಿಲ್ಲದ ಕಾರಣ ಮಾರ್ಕರುಗಳು ಹಾಸಿಗೆಯ ಪಕ್ಕದ ಮೇಜಿನ ಮೇಲಿದ್ದವು. ನಿವೃತ್ತರಾಗಿ, ಮನೆ ಮಾರಿ, ಸಿಡ್ನಿಯಲ್ಲಿರುವ ಮಗನ ಬಳಿಗೆ ಹೊರಟಿದ್ದರು. ಸೋಲಾರ್ ಫಲಕಗಳು ಇನ್ನೂ ಗಿಟ್ಟಿರಲಿಲ್ಲ.

ನಡಿಗೆ ಕಲಿಸುವ ಎರಡು ಕಂಬಿಗಳ ನಡುವೆ ಅವರನ್ನು ನಿಲ್ಲಿಸಿದೊಡನೆ, "ಗಂಟೆಗೆ ಎಷ್ಟು ಕೊಡ್ತಾರಮ್ಮ?" ಎಂದರು.

"ಮೊದಲು ಹಿಮ್ಮಡಿ ಊರಿ, ಅಂಕಲ್."

"ನಿಂಗೀಗ ಇಪ್ಪತ್ತೆಂಟಲ್ವಾ?"

"ಹೌದು. ನಿಮ್ಮ ಬೋರ್ಡ್ ಪ್ರಕಾರ ನಾನು ಮುಗಿದು ಒಂದು ವರ್ಷ ಆಯ್ತು."

ಅವರು ನಗಲಿಲ್ಲ, ಹಿಮ್ಮಡಿ ಊರಿದರು.

ನಮ್ಮ ವಾರ್ಡಿನಲ್ಲಿ ಪ್ರತಿ ಹಾಸಿಗೆಯ ತಲೆದೆಸೆಗೂ ಒಂದು ಪುಟ್ಟ ಬಿಳಿ ಬೋರ್ಡಿದೆ. ರೋಗಿ ನಡೆದ ಹೆಜ್ಜೆಗಳನ್ನು ಅದರಲ್ಲಿ ಬರೆಯುವುದು ನನ್ನ ಕೆಲಸ. ಸೋಮವಾರ ನಾಲ್ಕು, ಮಂಗಳವಾರ ಒಂಬತ್ತು, ಬುಧವಾರ ಹದಿನೈದು. ಗುರುವಾರ ನೋವು ಹೆಚ್ಚಾಗಿ ಆರಕ್ಕೇ ಕುಳಿತುಬಿಟ್ಟರು. ಆರು ಎಂದು ಬರೆದು, ಮೇಜಿನ ಮೇಲಿದ್ದ ಅವರದೇ ಕೆಂಪು ಮಾರ್ಕರನ್ನು ಕೈಗೆತ್ತಿಕೊಂಡು ಕೇಳಿದೆ: "ಇಲ್ಲಿಗೆ ಗೆರೆ ಎಳೀಲಾ, ಅಂಕಲ್?"

"ಬೇಡ, ಬೇಡಮ್ಮ." ಅವರು ಗಾಬರಿಯಿಂದ ಬೋರ್ಡಿನತ್ತ ಕೈಚಾಚಿದರು. "ನೋಡು, ಕೆಳಗೆ ಇನ್ನೂ ಬೇಕಾದಷ್ಟು ಜಾಗ ಇದೆ."

ನಾನು ಗೆರೆ ಎಳೆಯಲಿಲ್ಲ.

ಮರುವಾರ ನಾನು ರಜೆ ಮುಗಿಸಿ ಬಂದಾಗ ಅವರು ಬಿಡುಗಡೆಯಾಗಿ ಸಿಡ್ನಿಗೆ ಹೊರಟುಹೋಗಿದ್ದರು. ಹೊಸ ರೋಗಿಗಾಗಿ ಬೋರ್ಡನ್ನು ಒರೆಸಿದೆ. ಸಹೋದ್ಯೋಗಿ ಬರೆದಿದ್ದ ಕಡೆಯ ಸಾಲಿನಲ್ಲಿ ಅರವತ್ತೆರಡು ಹೆಜ್ಜೆಗಳಿದ್ದವು. ಮೇಜಿನ ಮೇಲೆ ಹಸಿರು ಮಾರ್ಕರನ್ನು ಮರೆತುಹೋಗಿದ್ದರು. ಕೆಂಪನ್ನು ಮರೆತಿರಲಿಲ್ಲ.