ಮೊದಲೇ ಬರೆದಿಟ್ಟ ನಿಧನ ವಾರ್ತೆ

ಇಂಥ ಕಥೆ ಹೊತ್ತು ತಂದವರನ್ನು ‘ಯಾರು ನೋಡಿದರು, ಎಷ್ಟು ಗಂಟೆಗೆ?’ ಎಂದು ಕೇಳಿಯೇ ವಾಪಸು ಕಳುಹಿಸುತ್ತಿದ್ದವನು ನಾನು. ಅರಸೀಕೆರೆಯಲ್ಲಿ ಪತ್ರಿಕೆಯ ವರದಿಗಾರನಾಗಿದ್ದವನಿಗೆ ಆ ಪ್ರಶ್ನೆ ಅಭ್ಯಾಸವಾಗಿಬಿಟ್ಟಿತ್ತು. ಆದ್ದರಿಂದ ಇದನ್ನು ನಂಬಿ ಎಂದು ನಿಮ್ಮನ್ನು ಒತ್ತಾಯಿಸಲಾರೆ. ನಡೆದಷ್ಟನ್ನು ಹೇಳುತ್ತೇನೆ.

ತೊಂಬತ್ತರ ದಶಕದ ಕೊನೆ. ಗೆಳೆಯ ಗಂಗಾಧರ ಗಂಡಸಿ ಊರಿನ ತೆಂಗಿನಕಾಯಿ ವ್ಯಾಪಾರಿ, ನಮ್ಮ ಪತ್ರಿಕೆಯ ಏಜೆಂಟ್ ಕೂಡ. ಮೂವತ್ತೆಂಟರ ಗಟ್ಟಿ ಆಳು ಒಂದು ಬೆಳಿಗ್ಗೆ ಕಾಯಿ ಮಂಡಿಯಲ್ಲಿ ತಲೆ ಹಿಡಿದುಕೊಂಡು ಕುಸಿದ. ಮೈಸೂರಿನ ಆಸ್ಪತ್ರೆಯೊಂದಕ್ಕೆ ಸಾಗಿಸಿದೆವು. ಮಿದುಳಿನ ಒಂದೆಡೆ ರಕ್ತನಾಳಗಳು ಹುಟ್ಟಿನಿಂದಲೇ ಸಿಕ್ಕುಸಿಕ್ಕಾಗಿದ್ದವಂತೆ. ಆ ಸಿಕ್ಕು ಒಡೆದು ರಕ್ತ ಒಳಗೇ ಹರಿದಿತ್ತು.

ನಮ್ಮ ಕಡೆ ಜೀವ ಮನೆಯಲ್ಲೇ ಹೋಗಲಿ ಎನ್ನುತ್ತಾರೆ. ನೆಂಟರು ಆಗಲೇ ವ್ಯಾನು ಗೊತ್ತುಮಾಡಿದ್ದರು. ಗಂಗಾಧರನ ಹೆಂಡತಿ ಪಾರ್ವತಿ ಡಾಕ್ಟರನ್ನು ತಡೆದು ನಿಲ್ಲಿಸಿದಳು.

“ಸುತ್ತಿಬಳಸಿ ಬ್ಯಾಡ ಸಾರ್. ಉಳೀತಾರಾ? ಊರಿಗೆ ಕರ್ಕೊಂಡ್ ಹೋಗ್ಬಿಡ್ಲಾ?”

“ವಯಸ್ಸು ಚಿಕ್ಕದು, ಅದು ಒಳ್ಳೇದು. ಆದ್ರೆ ರಕ್ತ ಆಳದಲ್ಲಿದೆ, ಕರೆದ್ರೆ ಕಣ್ಣು ಬಿಡ್ತಿಲ್ಲ. ಇಂಥವನ್ನೆಲ್ಲ ಕೂಡಿಸಿ ಕಳೆದು ಒಂದು ಅಂದಾಜು ಮಾಡ್ತೀವಮ್ಮ. ಅಂದಾಜು ಚೆನ್ನಾಗಿಲ್ಲ. ಆದ್ರೆ ಈ ಥರದ ರಕ್ತಸ್ರಾವದಲ್ಲಿ ನಮ್ಮ ಅಂದಾಜು ತಪ್ಪಿದ್ದೂ ಇದೆ. ಕರ್ಕೊಂಡು ಹೋಗ್ಬೇಡಿ.”

ಪಾರ್ವತಿ ವ್ಯಾನು ವಾಪಸು ಕಳಿಸಿದಳು. ಅವಳು ಡಾಕ್ಟರ ಮಾತಿನ ಕೊನೆಯ ಭಾಗವನ್ನು ಹಿಡಿದುಕೊಂಡಳು, ನಾನು ಮೊದಲಿನದನ್ನು. ಅಂದು ಮಧ್ಯಾಹ್ನ ಕಚೇರಿಗೆ ಫೋನ್ ಮಾಡಿದಾಗ, “ಬರೆದಿಟ್ಟಿರು” ಎಂದರು ಸಂಪಾದಕರು. ಊರಿನ ಪ್ರಮುಖರ, ಪತ್ರಿಕೆಗೆ ಸೇರಿದವರ ಸ್ಥಿತಿ ಗಂಭೀರವಾದರೆ ನಿಧನ ವಾರ್ತೆಯನ್ನು ಮೊದಲೇ ಸಿದ್ಧಮಾಡಿಡುವುದು ನಮ್ಮಲ್ಲಿ ರೂಢಿ. ವರಾಂಡದ ಬೆಂಚಿನ ಮೇಲೆ ಒಬ್ಬನೇ ಕೂತು ಒಂಬತ್ತು ಸಾಲು ಬರೆದೆ. ದಿನಾಂಕದ ಜಾಗ ಮಾತ್ರ ಖಾಲಿ. ಮಡಿಸಿ ಒಳಜೇಬಿಗೆ ಹಾಕಿದೆ. ಯಾರಿಗೂ ತೋರಿಸಲಿಲ್ಲ, ತೋರಿಸುವ ಧೈರ್ಯವೂ ಇರಲಿಲ್ಲ.

ಹತ್ತನೆಯ ದಿನ ಗಂಗಾಧರ ಕಣ್ಣು ಬಿಟ್ಟ. ಮರುದಿನ ನಾನು ಹೋದಾಗ ನನ್ನನ್ನೇ ಸ್ವಲ್ಪ ಹೊತ್ತು ನೋಡಿದ. ನಾಲಿಗೆ ತೊದಲುತ್ತಿತ್ತು.

“ಗಂಡಸಿ ಅಂತ ಬರ್ದಿದ್ದೀಯಲ್ಲೋ. ನಾನು ಹುಟ್ಟಿದ್ದು ಹಗರೇಲಿ ಕಣೋ.”

“ಏನು ಹೇಳ್ತಾವ್ರಣ್ಣ?” ಎಂದಳು ಪಾರ್ವತಿ. ನಾನು ಹೊರಗೆ ಬಂದು ಹಾಳೆ ಬಿಚ್ಚಿ ನೋಡಿದೆ. ಎರಡನೆಯ ಸಾಲು: ‘ಗಂಡಸಿಯಲ್ಲಿ ಜನಿಸಿದ ಅವರು...’

ಅವನ ಮನೆ, ತೋಟ ಎಲ್ಲ ಗಂಡಸಿಯಲ್ಲೇ. ಹಾಗಾಗಿ ವಿಚಾರಿಸದೆ ಬರೆದಿದ್ದೆ. ಆಮೇಲೆ ಅವನ ತಾಯಿಯನ್ನು ಕೇಳಿದೆ. ಬೇಲೂರಿನ ತವರಿಗೆ ಹೊರಟಾಗ ದಾರಿಯಲ್ಲೇ ನೋವು ಬಂದು, ಹಗರೆಯ ಯಾರದೋ ಮನೆಯಲ್ಲಿ ಹೆರಿಗೆಯಾಗಿತ್ತು.

ಬರೆಯುವಾಗ ನಾನೇ ಗೊಣಗಿರಬಹುದೇ? ಬೆಂಚಿಗೂ ಅವನ ಮಂಚಕ್ಕೂ ನಡುವೆ ಎರಡು ಬಾಗಿಲುಗಳಿದ್ದವು, ಎರಡೂ ಮುಚ್ಚಿದ್ದವು. ಬೇರೆ ಕಾರಣ ನನಗೆ ಇಂದಿಗೂ ಹೊಳೆದಿಲ್ಲ.

ವರ್ಷದ ಮೇಲೆ, ಕೋಲೂರಿಕೊಂಡು ಮಂಡಿಗೆ ಬರುವಂತಾದಾಗ, ಅವನನ್ನೇ ಕೇಳಿದೆ.

“ನಾನು ಹಂಗಂದ್ನಾ? ನೆನಪಿಲ್ಲ ಕಣೋ,” ಎಂದು ನಕ್ಕ. ಆಮೇಲೆ ನಗು ನಿಲ್ಲಿಸಿ ಕೇಳಿದ: “ತಿದ್ದಿದ್ದೀಯ ತಾನೆ?”

ತಿದ್ದಿದ್ದೆ.